ನಿಲ್ಲುವುದನ್ನೂ ಕಲಿಯಬೇಕೆ?

ಎಳೆಯ ಪ್ರಾಯದಲ್ಲಿಯೇ ನಿಲ್ಲಲು, ನಡೆಯಲು ಕಲಿತವನಿಗೆ ಮತ್ತೆ ಅದರ ಪಾಠವೇಕೆ ಎಂಬ ಸಂದೇಹ ಸಹಜವಾದುದೇ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಈ ಸಂದೇಹಕ್ಕೆ ಎಡೆ ಕಡಮೆ. ಯಕ್ಷಗಾನ ಕಲಿಯಹೊರಟ ಹುಡುಗನಿಗೆ ಅಲ್ಲಿ ಕಿರೀಟಕ್ಕಿಂತ ಮೊದಲು ದೊರೆಯುವುದು ತಾಳಕ್ಕೆ ತಕ್ಕ ಹೆಜ್ಜೆ. ಮೊಣಕಾಲು ಎಷ್ಟು ಬಾಗಬೇಕು, ಹೆಗಲು ಬಿಗಿಯದೆ ತೋಳು ಹೇಗೆ ಚಾಚಬೇಕು ಎಂಬುದು ಮೈಗೆ ಹತ್ತಿದ ಮೇಲೆಯೇ ಉಳಿದುದೆಲ್ಲ. ಭಾರವಾದ ವೇಷ ತೊಟ್ಟು ಇರುಳೆಲ್ಲ ಕುಣಿಯಬೇಕಾದವನಿಗೆ ಬಿಗಿದ ಮೈಯೇ ಮೊದಲ ವೈರಿ.

ಶಿರಸಿ ಸೀಮೆಯ ಹೊಸ್ತೋಟ ಮಂಜುನಾಥ ಭಾಗವತರು (1940–2020) ಪ್ರಸಂಗಕರ್ತರೆಂದು ಹೆಸರಾದಂತೆ, ಊರೂರು ತಿರುಗಿ ಹೆಜ್ಜೆ ಕಲಿಸಿದ ಗುರುಗಳೆಂದೂ ಹೆಸರಾದವರು. ಅವರು ಅಂಧರಿಗೂ ಯಕ್ಷಗಾನ ಕಲಿಸಿ ರಂಗಕ್ಕೆ ತಂದರು. ಇದರ ಕಷ್ಟವನ್ನು ಓದುಗರು ಕ್ಷಣಕಾಲ ಊಹಿಸಬೇಕು. ಕುಣಿತವನ್ನು ಕಂಡು ಕಲಿಯುವುದು ವಾಡಿಕೆ. ಕಾಣದವರಿಗೆ ತಾಳದ ದನಿ ಮತ್ತು ಗುರುವಿನ ಕೈ ಇವೆರಡೇ ದಾರಿ. ಎಲ್ಲಿ ಎಡವುವೆನೋ ಎಂದು ಮೈ ಮುದುಡಿ ನಡೆಯುವ ಮಗುವು ಗೆಜ್ಜೆ ಕಟ್ಟಿ ಎದೆ ತೆರೆದು ರಂಗವನ್ನು ತುಂಬುವುದೆಂದರೆ, ಕಲಿತದ್ದು ಬರಿಯ ಕಲೆಯಲ್ಲ. ನೆಲದ ಮೇಲಣ ನಂಬುಗೆ.

ಕಣ್ಣಿದ್ದವರಿಗಾದರೂ ತಮ್ಮ ನಿಲುವು ತಮಗೆ ಕಾಣುವುದೇ? ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ 1869ರಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ಎಂಬ ನಟನಿಗೆ ವೇದಿಕೆಯಲ್ಲಿ ದನಿ ಕಟ್ಟುತ್ತಿತ್ತು. ಕನ್ನಡಿಯ ಮುಂದೆ ನಿಂತು ನೋಡಲಾಗಿ, ಮಾತಿಗೆ ತೊಡಗಿದೊಡನೆ ತಾನು ತಲೆಯನ್ನು ಹಿಂದಕ್ಕೆ ಸೆಳೆದು ಕತ್ತನ್ನು ಬಿಗಿಯುತ್ತಿರುವುದು ತಿಳಿಯಿತು. ಸರಿಯಾಗಿದ್ದೇನೆಂಬ ಅನಿಸಿಕೆಯೇ ತಪ್ಪಾಗಿರಬಹುದೆಂದು ಕಂಡುಕೊಂಡ ಆತನು ಮುಂದೆ ಲಂಡನ್ನಿನಲ್ಲಿ, ಶಿಷ್ಯರ ಕತ್ತು ಬೆನ್ನುಗಳಿಗೆ ಹಗುರಾಗಿ ಕೈಯಿಟ್ಟು ಪಾಠ ಹೇಳಿದನು.

ಆ ಪಾಠದ ಫಲವನ್ನು ವೈದ್ಯರೂ ಪರೀಕ್ಷಿಸಿದ್ದಾರೆ. ಬಹುಕಾಲದ ಬೆನ್ನುನೋವಿದ್ದ 579 ಜನರ ಪರೀಕ್ಷೆಯ ವರದಿ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ ನೋಡಿದಾಗ, ವಾಡಿಕೆಯ ಚಿಕಿತ್ಸೆಯನ್ನು ಮಾತ್ರ ಪಡೆದವರಿಗೆ ನಾಲ್ಕು ವಾರಗಳಲ್ಲಿ ಸುಮಾರು 21 ದಿನ ನೋವು. 24 ಪಾಠ ಪಡೆದವರಿಗೆ ಸುಮಾರು 3 ದಿನ.

ಮನೆಮನೆಯಲ್ಲಿಯೂ ದಿನಕ್ಕೆ ಹತ್ತು ಬಾರಿ "ನೆಟ್ಟಗೆ ಕೂತುಕೋ" ಎಂಬ ಗದರಿಕೆ ಕೇಳಿಬರುತ್ತದೆ. ಗದರಿಕೆಗೆ ಮಗು ಕೋಲಿನಂತೆ ಸೆಟೆಯುತ್ತದೆ. ಗಳಿಗೆ ಕಳೆಯುವುದರೊಳಗೆ ಮತ್ತೆ ಪುಸ್ತಕದ ಮೇಲೆ ಕುಸಿಯುತ್ತದೆ. ಸೆಟೆದು ಕೂರುವುದು ನೆಟ್ಟಗೆ ಕೂರುವುದಲ್ಲ. ಒಂದೇ ಭಂಗಿಯಲ್ಲಿ, ಅದೆಷ್ಟೇ ಚೆನ್ನಾಗಿರಲಿ, ಬಹು ಹೊತ್ತು ಇರುವುದೂ ಹಿತವಲ್ಲ. ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಗೊಡಬೇಕು. ಹತ್ತಿರದಲ್ಲಿ ಯಕ್ಷಗಾನದ್ದೋ ಯೋಗದ್ದೋ ತರಗತಿಯಿದ್ದರೆ ಸೇರಿಸಬೇಕು. ಅದಾವುದೂ ಆಗದಿದ್ದರೆ, ಗದರುವ ಬದಲು ಮಗುವಿನ ಹೆಗಲ ಮೇಲೆ ಮೆಲ್ಲನೆ ಕೈಯಿಡಬಹುದು. ಬಿಗಿತ ಎಲ್ಲಿದೆಯೆಂಬುದು ಅದಕ್ಕೆ ಆಗಲೇ ತಿಳಿಯುತ್ತದೆ.