ಕಳ್ಳನಿಗೆಂದು ಕೊಟ್ಟ ಕರೆಂಟ್ ಮೊದಲು ಹಿಡಿಯುವುದು ಯಾರನ್ನು?

ಹಾಲು ಉತ್ಪಾದಕ ಅಕ್ಕಂದಿರೇ, ತಂಗಿಯರೇ,

“ಡಾಕ್ಟ್ರೇ, ದನದ ಶೆಡ್ಡಿನ ತಗಡಿನ ಬಾಗಿಲಿಗೆ ರಾತ್ರಿ ಹೊತ್ತು ಒಂದು ವೈರ್ ಕೊಟ್ಟರ ಹ್ಯಾಂಗ? ಕಳ್ಳ ಮುಟ್ಟಿದರ ಹೆದರಿ ಓಡಬೇಕು, ಅಷ್ಟ.” ಕೊಳಕೂರ ಕಡೆಯ ಹಳ್ಳಿಗಳಿಗೆ ಚಿಕಿತ್ಸೆಗೆ ಬಂದಾಗ ಈ ಪ್ರಶ್ನೆ ಕೇಳುವವರಿದ್ದಾರೆ. ಕೇಳುವವರು ಹೆಚ್ಚಾಗಿ ಗಂಡಸರು. ಉತ್ತರವನ್ನು ಮಾತ್ರ ನಿಮಗೆ ಬರೆಯುತ್ತಿದ್ದೇನೆ, ಯಾಕೆಂದರೆ ಆ ಬಾಗಿಲನ್ನು ದಿನವೂ ಮುಟ್ಟುವವರು ನೀವು.

ಭಯ ಸುಳ್ಳಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ದುಡಿಯಲು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋಗುವವರು ಬಹಳ. ಮನೆಯಲ್ಲಿ ಉಳಿಯುವವರು ಅತ್ತೆ, ಸೊಸೆ, ಮಕ್ಕಳು, ಮುದುಕರು. ಶೆಡ್ಡಿನಲ್ಲಿ ಸಾಲ ಮಾಡಿ ತಂದ ಹಸು, ಪಕ್ಕದಲ್ಲಿ ಎರಡು ಆಡು, ಮೂಲೆಯಲ್ಲಿ ತೊಗರಿ ಚೀಲ. ಬಾಗಿಲಿಗೆ ಇರುವುದು ಒಂದು ತಗಡು, ಒಂದು ಕೊಂಡಿ. ನಾಯಿ ಬೊಗಳಿದರೆ ಎದೆ ಝಲ್ಲೆನ್ನುತ್ತದೆ. ಹೀಗಿರುವಾಗ ಒಂದು ವೈರ್ ಎಳೆದುಬಿಟ್ಟರೆ ನಿಶ್ಚಿಂತೆಯಿಂದ ಮಲಗಬಹುದು ಎಂದು ಯಾರಿಗಾದರೂ ಅನಿಸಿದರೆ ನಾನು ಅವರನ್ನು ದುಷ್ಟರೆನ್ನುವುದಿಲ್ಲ. ಆದರೆ ಆ ವೈರ್ ಬೇಡವೇ ಬೇಡ.

ಒಂದು ಲೆಕ್ಕ ಹಾಕಿ ನೋಡಿ. ಕಳ್ಳ ವರ್ಷಕ್ಕೊಮ್ಮೆ ಬರಬಹುದು, ಬಾರದೆಯೂ ಇರಬಹುದು. ಬಂದರೂ ಕಾಲಿಗೆ ಬೂಟು ಹಾಕಿಕೊಂಡು, ಟಾರ್ಚ್ ಹಿಡಿದು, ಹಿಂದಿನ ತಗಡು ಬಿಚ್ಚಿ ಒಳಗೆ ಬರುತ್ತಾನೆ. ನೀವು? ಬೆಳಗಿನ ನಾಲ್ಕೂವರೆಗೆ, ಕತ್ತಲಲ್ಲಿ, ಬರಿಗಾಲಲ್ಲಿ, ಕೆಚ್ಚಲು ತೊಳೆಯುವ ನೀರಿನ ಬಕೆಟ್ ಹಿಡಿದು, ಒದ್ದೆ ಕೈಯಿಂದ ಅದೇ ಕೊಂಡಿ ತೆಗೆಯುತ್ತೀರಿ. ದಿನಕ್ಕೆ ಹತ್ತು ಸಲ ಎಂದರೂ ವರ್ಷಕ್ಕೆ ಮೂರೂವರೆ ಸಾವಿರ ಸಲ. ಮಕ್ಕಳು ಮುಟ್ಟುವುದು ಬೇರೆ, ರಾತ್ರಿ ಹೊರಗೆ ಹೋಗಲು ಎದ್ದ ಅತ್ತೆ ಗೋಡೆ ಹಿಡಿಯುವುದು ಬೇರೆ. ಕರೆಂಟಿಗೆ ಕಳ್ಳ ಯಾರು, ಮನೆಯವರು ಯಾರು ಎಂದು ಗೊತ್ತಾಗುವುದಿಲ್ಲ.

“ಬೆಳಗ್ಗೆ ಎದ್ದ ಕೂಡಲೇ ಸ್ವಿಚ್ ತೆಗೀತೀವಿ” ಎನ್ನುವವರಿದ್ದಾರೆ. ಹಳ್ಳಿಯ ಕರೆಂಟ್ ನಿಮಗೆ ಗೊತ್ತಿರುವಂಥದ್ದೇ. ರಾತ್ರಿ ಹೋಗುತ್ತದೆ, ನಸುಕಿನಲ್ಲಿ ಬರುತ್ತದೆ. ಕತ್ತಲಿದೆ, ಕರೆಂಟ್ ಇಲ್ಲ ಎಂದುಕೊಂಡು ಬಾಗಿಲಿಗೆ ಕೈ ಇಟ್ಟ ಕ್ಷಣದಲ್ಲೇ ಅದು ಮರಳಿ ಬಂದರೆ? ಸ್ವಿಚ್ ಹಾಕಿದವರೇ ಪ್ರತಿದಿನ ಮೊದಲು ಏಳಬೇಕು, ಒಂದು ದಿನವೂ ಮರೆಯಬಾರದು. ಬಾಣಂತನ, ಜ್ವರ, ಜಾತ್ರೆ, ಬೀಗರ ಊರು ಎಲ್ಲ ಇರುವ ಮನೆಯಲ್ಲಿ ಇದು ನಡೆಯುವ ಮಾತಲ್ಲ.

ಇನ್ನು “ಸಣ್ಣ ಶಾಕ್ ಅಷ್ಟೇ” ಎಂಬ ನಂಬಿಕೆ. ಮನೆಗೆ ಬರುವುದು 230 ವೋಲ್ಟ್. ಮೈಯೊಳಗೆ ಹತ್ತು ಮಿಲಿ ಆಂಪಿಯರ್ ಆಸುಪಾಸು ಹರಿದರೆ ಸಾಕು, ಸ್ನಾಯು ಬಿಗಿದು ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಕಳ್ಳ ಬೆಚ್ಚಿ ಓಡುವುದಿರಲಿ, ಬಾಗಿಲಿಗೇ ಅಂಟಿಕೊಳ್ಳುತ್ತಾನೆ. ಐವತ್ತರಿಂದ ನೂರು ಮಿಲಿ ಆಂಪಿಯರ್ ಎದೆಯ ಮೂಲಕ ಹರಿದರೆ ಹೃದಯ ಬಡಿತದ ಲಯ ತಪ್ಪಿ ಸಾವು ಬರಬಹುದು. ಒದ್ದೆ ಕೈ, ಬರಿಗಾಲು ಇದ್ದರೆ 230 ವೋಲ್ಟಿಗೆ ಮೈಯೊಳಗೆ ಹರಿಯುವುದು ಇನ್ನೂರು ಮಿಲಿ ಆಂಪಿಯರಿಗೂ ಹೆಚ್ಚು. ಫ್ಯೂಸ್ ಅಥವಾ ಎಂಸಿಬಿ ಕಾಪಾಡುತ್ತದೆ ಎನ್ನಬೇಡಿ. ಆರು ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಆರು ಸಾವಿರ ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಅದು ವೈರನ್ನು ಕಾಯಲು ಇರುವ ಸಾಧನ, ಮನುಷ್ಯರನ್ನು ಕಾಯಲು ಅಲ್ಲ.

ಕೆಲವರು ಜಾಣತನದಿಂದ ನಡುವೆ ಒಂದು ಬಲ್ಬ್ ಸೇರಿಸುತ್ತಾರೆ. “ಬಲ್ಬ್ ಕರೆಂಟ್ ತಿಂದು ಉಳಿದದ್ದಷ್ಟೇ ಬಾಗಿಲಿಗೆ ಹೋಗುತ್ತದೆ” ಅಂತೆ. ಹಳೆಯ 60 ವ್ಯಾಟ್ ಬಲ್ಬ್ ಉರಿಯುವಾಗ ಅದರೊಳಗೆ ಹರಿಯುವುದೇ ಸುಮಾರು 260 ಮಿಲಿ ಆಂಪಿಯರ್. ತಣ್ಣಗಿರುವ ಬಲ್ಬ್ ತಡೆಯುವುದು ಇನ್ನೂ ಕಡಿಮೆ. ಒಂದು ಜೀವ ಹೋಗಲು ಅದರ ಅರ್ಧವೂ ಬೇಡ.

ಈಗ ನನ್ನ ವಿಷಯಕ್ಕೆ, ದನದ ವಿಷಯಕ್ಕೆ ಬರುತ್ತೇನೆ. ಕರೆಂಟಿಗೆ ಹಸುವಿನ ಮೈ ಒಡ್ಡುವ ತಡೆ ಮನುಷ್ಯರ ಮೈಯದರ ಸುಮಾರು ಅರ್ಧದಷ್ಟೇ. ಅದಕ್ಕೆ ಚಪ್ಪಲಿ ಇಲ್ಲ. ನಾಲ್ಕೂ ಗೊರಸು ಗಂಜಲದಲ್ಲಿ, ತೊಳೆದ ಫರ್ಸಿಯ ಮೇಲೆ, ಮಳೆಗಾಲದಲ್ಲಿ ಹಸಿ ಎರೆಮಣ್ಣಿನ ಮೇಲೆ ಇರುತ್ತವೆ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದೂವರೆ ಮೀಟರಿನಷ್ಟು ಅಂತರ ಇರುವುದರಿಂದ ನೆಲದಲ್ಲಿ ಹರಡಿದ ಕರೆಂಟ್ ಒಂದು ಕಾಲಿನಿಂದ ಹತ್ತಿ ಎದೆಯ ಮೂಲಕವೇ ಇನ್ನೊಂದು ಕಾಲಿಗೆ ಇಳಿಯುತ್ತದೆ. ಮರದಡಿ ಸಿಡಿಲು ಬಡಿದಾಗ ಮನುಷ್ಯ ಬದುಕಿ ದನ ಸಾಯುವುದಕ್ಕೂ ಇದೇ ಒಂದು ಕಾರಣ. ಹೀಗೆ ಸತ್ತ ದನಗಳ ಬಾಯಲ್ಲಿ ಕೆಲವೊಮ್ಮೆ ಮೇವು ಹಾಗೇ ಇರುತ್ತದೆ. ನುಂಗಲೂ ಪುರಸೊತ್ತು ಸಿಕ್ಕಿರುವುದಿಲ್ಲ.

ನಮ್ಮ ಶೆಡ್ಡುಗಳ ಕಟ್ಟಡವನ್ನೂ ನೋಡಿ. ಬಾಗಿಲು ಕಬ್ಬಿಣದ ಚೌಕಟ್ಟಿಗೆ, ಚೌಕಟ್ಟು ತಗಡಿಗೆ, ತಗಡು ಪೈಪಿಗೆ ತಗುಲಿರುತ್ತದೆ. ಗೋದಲಿಯ ಅದೇ ಪೈಪಿಗೆ ಸರಪಳಿಯಿಂದ ದನ ಕಟ್ಟಿರುತ್ತೀರಿ. ಬಾಗಿಲಿಗೆ ಕೊಟ್ಟದ್ದು ಬಾಗಿಲಲ್ಲೇ ನಿಲ್ಲುತ್ತದೆಯೇ? ಕಳ್ಳ ಬಂದರೆ ಒಂದು ಹಸು ಹೋಗಬಹುದು. ಈ ವೈರ್ ಸಾಲಾಗಿ ಕಟ್ಟಿದ ಅಷ್ಟನ್ನೂ ಒಂದೇ ರಾತ್ರಿ ಕೊಂದೀತು. ಸಾಯದಿದ್ದರೂ, ಒಂದೆರಡು ವೋಲ್ಟ್ ಸೋರಿದರೆ ಸಾಕು, ಹಸು ನೀರಿನ ತೊಟ್ಟಿಗೆ ಮೂತಿ ಇಡಲು ಹಿಂಜರಿಯುತ್ತದೆ, ಹಿಂಡುವಾಗ ಕಾಲು ಝಾಡಿಸುತ್ತದೆ, ಹಾಲು ಇಳಿಸುವುದಿಲ್ಲ. ಮನೆಯವರು ದೃಷ್ಟಿ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸುತ್ತಾರೆ. ಅದಕ್ಕೆ ನನ್ನ ಅಡ್ಡಿಯಿಲ್ಲ, ಆದರೆ ವೈರಿಂಗನ್ನೂ ಒಮ್ಮೆ ತೋರಿಸಿ.

ವಿಮೆ ಇದೆ ಎಂಬ ಧೈರ್ಯವೂ ಬೇಡ. ಕಿವಿಯೋಲೆ ಇದ್ದು, ಆಕಸ್ಮಿಕವಾಗಿ ಸತ್ತರೆ ವಿಮೆ ಸಿಗುತ್ತದೆ. ಬೇಕೆಂದೇ ಮಾಡಿದ ಹಾನಿಗೆ, ನಿರ್ಲಕ್ಷ್ಯಕ್ಕೆ ವಿಮಾ ಕರಾರಿನಲ್ಲಿ ಹಣವಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಸುಟ್ಟ ಗುರುತು ಕಂಡರೆ, ಪಕ್ಕದಲ್ಲಿ ವೈರ್ ಕಂಡರೆ, ಅದನ್ನು ಬರೆಯದೆ ಬಿಡಲು ಪಶುವೈದ್ಯರಿಗೆ ಬರುವುದಿಲ್ಲ.

“ನಮ್ಮ ಮನೆ, ನಮ್ಮ ಬಾಗಿಲು, ಬಂದವನದು ತಪ್ಪು” ಎಂಬ ವಾದಕ್ಕೆ ಸುಪ್ರೀಂ ಕೋರ್ಟ್ 1963ರಲ್ಲೇ ಉತ್ತರ ಕೊಟ್ಟಿದೆ. ಬಿಹಾರದ ಚೆರುಬಿನ್ ಗ್ರೆಗೊರಿ ಪ್ರಕರಣ ಅದು. ಅಲ್ಲಿದ್ದದ್ದು ಕಳ್ಳರ ಕಾಟವೂ ಅಲ್ಲ. ನೆರೆಮನೆಯ ಪಾಯಖಾನೆಯ ಗೋಡೆ ಬಿದ್ದು ಮರೆ ಇಲ್ಲದಂತಾಯಿತು. ಆ ಮನೆಯ ಹೆಂಗಸು ಇವನ ಪಾಯಖಾನೆಗೆ ಬರತೊಡಗಿದಳು. ಬೇಡವೆಂದು ಹೇಳಿದ, ಅವಳು ಕೇಳಲಿಲ್ಲ. ದಾರಿಗೆ ಅಡ್ಡವಾಗಿ ತಾಮ್ರದ ತಂತಿ ಕಟ್ಟಿ ಮನೆಯ ಕರೆಂಟ್ ಕೊಟ್ಟ. ತಂತಿಯಲ್ಲಿ ಕರೆಂಟಿದೆ ಎಂಬ ಎಚ್ಚರಿಕೆ ಇರಲಿಲ್ಲ. ಅವಳು ಮುಟ್ಟಿದಳು, ಸತ್ತಳು. ಆಸ್ತಿ ಕಾಪಾಡಿಕೊಳ್ಳುವ ಹಕ್ಕು ನನಗಿದೆ ಎಂದು ಅವನು ವಾದಿಸಿದ. ಅಪ್ಪಣೆ ಇಲ್ಲದೆ ಒಳಗೆ ಬಂದವರಾದರೂ ಅವರಿಗೆ ಗಾಯವಾಗಲೆಂದೇ ಬಲೆ ಒಡ್ಡಿಡಲು ಮನೆಯವನಿಗೆ ಹಕ್ಕಿಲ್ಲ ಎಂದು ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು. ಮರೆ ಹುಡುಕಿಕೊಂಡು ಹೋದ ಒಬ್ಬ ಹೆಣ್ಣುಮಗಳು. ಆ ಕಷ್ಟ ಏನೆಂದು ನಿಮಗೆ ನಾನು ವಿವರಿಸಬೇಕಿಲ್ಲ.

ಕಳ್ಳ ಎದುರಿಗೇ ಬಂದಾಗ ತಡೆಯುವ, ಜೀವ ಉಳಿಸಿಕೊಳ್ಳುವ ಹಕ್ಕನ್ನು ಕಾನೂನು ಕೊಡುತ್ತದೆ, ಅದೂ ಅಗತ್ಯವಿದ್ದಷ್ಟೇ. ನೀವು ಮಲಗಿರುವಾಗ ನಿಮ್ಮ ಪರವಾಗಿ ಕೊಲ್ಲುವ ತಂತಿಗೆ ಆ ಹಕ್ಕು ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದ ಸಾವು ತಂದರೆ ಐದು ವರ್ಷದವರೆಗೆ ಜೈಲು. ಸಾವು ಬರಬಹುದೆಂದು ಗೊತ್ತಿದ್ದೇ ಮಾಡಿದರೆ ಹತ್ತು ವರ್ಷದವರೆಗೆ. ಪಕ್ಕದ ಮನೆಯ ಎಮ್ಮೆ ಸತ್ತರೂ ಕೇಸು ಆಗಬಹುದು. ಕಂಬದಿಂದ ಕೊಕ್ಕೆ ಹಾಕಿ ಎಳೆದಿದ್ದರೆ ವಿದ್ಯುತ್ ಕಳವಿನ ಕೇಸು ಬೇರೆ.

ಹೊಲದ ಬೇಲಿಗೆ ಹಾಕುವ ಝಟ್ಕಾ ಮಷೀನ್ ಇದೆಯಲ್ಲ ಎಂದು ಕೇಳುತ್ತೀರಿ. ಪ್ರಮಾಣೀಕೃತ ಝಟ್ಕಾ ಮಷೀನ್ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಬಹಳ ಸಣ್ಣ ಶಕ್ತಿಯ ಹೊಡೆತ ಕೊಟ್ಟು ನಿಲ್ಲುತ್ತದೆ. ಆ ನಡುವಿನ ಬಿಡುವಿನಲ್ಲಿ ಕೈ ಬಿಡಿಸಿಕೊಳ್ಳಬಹುದು. ಮನೆಯ ಕರೆಂಟಿಗೆ ಆ ಬಿಡುವೇ ಇಲ್ಲ. ಕಾಡುಹಂದಿಗೆಂದು ನೇರ ಕರೆಂಟ್ ಕೊಟ್ಟ ಬೇಲಿಗೆ ಹೊಲದ ಯಜಮಾನರೇ ಬಲಿಯಾಗಿದ್ದಾರೆ. ಕೊಡಗು, ಹಾಸನದ ಕಡೆ ಆನೆಗಳು ಸತ್ತಿವೆ. ಆನೆಯನ್ನು ಕೆಡವುವುದು ನಿಮ್ಮ ಮಗುವಿಗೆ ಕನಿಕರ ತೋರಿಸುವುದಿಲ್ಲ. ಅಸಲಿ ಝಟ್ಕಾ ಮಷೀನನ್ನೂ ಮನೆ ಬಾಗಿಲಿಗೆ, ಶೆಡ್ಡಿಗೆ ಹಾಕುವಂತಿಲ್ಲ.

ಹಾಗಾದರೆ ಏನು ಮಾಡುವುದು? ಕಳ್ಳನಿಗೆ ಬೇಡವಾದದ್ದು ಬೆಳಕು ಮತ್ತು ಸದ್ದು. ಯಾರಾದರೂ ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವ ಸೆನ್ಸರ್ ಬಲ್ಬ್ ಸಿಗುತ್ತದೆ, ಸೋಲಾರ್‌ನದೂ ಇದೆ. ಬಾಗಿಲು ಸರಿದರೆ ಕೂಗುವ ಶೆಲ್ಲಿನ ಗಂಟೆ ಅಂಗಡಿಯಲ್ಲಿದೆ. ಅದನ್ನು ಶೆಡ್ಡಿಗೆ ಕೂರಿಸಿ ಸದ್ದು ನೀವು ಮಲಗುವ ಕಡೆ ಬರುವಂತೆ ಮಾಡಿ. ದನದ ಕೊರಳಿಗೆ ಗಂಟೆ ಕಟ್ಟುವುದನ್ನು ನಾವು ಯಾಕೆ ಬಿಟ್ಟೆವೋ ನನಗೆ ಅರ್ಥವಾಗಿಲ್ಲ. ಕಿವಿಯೋಲೆಯ 12 ಅಂಕಿಗಳನ್ನು ಬರೆದಿಟ್ಟು, ದನದ ಎರಡೂ ಮಗ್ಗುಲಿನ ಫೋಟೋ ಮೊಬೈಲಿನಲ್ಲಿಡಿ. ದನ ಕಳೆದರೆ ಪೊಲೀಸರಿಗೆ ಕೊಡಲು ಇದಕ್ಕಿಂತ ಗಟ್ಟಿ ಗುರುತಿಲ್ಲ. ಗಂಡಸರು ದುಡಿಯಲು ಹೋದ ಮನೆಗಳ ಪಟ್ಟಿ ಮಾಡಿ, ಆ ಓಣಿಗೆ ರಾತ್ರಿ ಗಸ್ತು ಬೇಕೆಂದು ಸಂಘದ ಲೆಟರ್‌ಹೆಡ್‌ನಲ್ಲೇ ಠಾಣೆಗೆ ಬರೆದುಕೊಡಿ. ಒಬ್ಬಳ ಅರ್ಜಿಗಿಂತ ಸಂಘದ ಅರ್ಜಿಗೆ ತೂಕ ಹೆಚ್ಚು. ದುಡ್ಡು ಕೂಡಿದಾಗ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಒಂದೆರಡು ಚೀಲ ಪಶು ಆಹಾರದ ಬೆಲೆ ಆದೀತು. ಜೊತೆಗೆ ಸರಿಯಾದ ಅರ್ಥಿಂಗ್ ಮಾಡಿಸಿ, ಬೇಸಿಗೆಯಲ್ಲಿ ಎರೆ ಬಿರಿದಾಗ ಆ ಗುಂಡಿಗೆ ನೀರು ಹಾಕಿ.

ನಿಮ್ಮ ಮನೆಯಲ್ಲಿ ಈಗಾಗಲೇ ಅಂಥ ವೈರ್ ಇದ್ದರೆ ಕೈಯಿಂದ ಕೀಳಲು ಹೋಗಬೇಡಿ. ಮೇನ್ ಸ್ವಿಚ್ ಇಳಿಸಿ, ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್‌ನಿಂದ ತೆಗೆಸಿ. ಹೊರಗೆ ಲೈನ್ ಹರಿದುಬಿದ್ದಿದ್ದರೆ ದೂರದಲ್ಲೇ ನಿಂತು ಜೆಸ್ಕಾಂನ 1912ಕ್ಕೆ ಫೋನ್ ಮಾಡಿ. ಯಾರಾದರೂ ಅಂಟಿಕೊಂಡಿದ್ದರೆ ಮೊದಲು ಮೇನ್ ಇಳಿಸಬೇಕು. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಕಟ್ಟಿಗೆಯಿಂದ ಬಿಡಿಸಿ, 108ಕ್ಕೆ ಕರೆ ಮಾಡಿ. ದನ ಬಿದ್ದಿದ್ದರೆ ಸರಪಳಿ ಹಿಡಿದು ಎಳೆಯಬೇಡಿ. ಕರೆಂಟ್ ಹೋಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ 1962ಕ್ಕೆ ಫೋನ್ ಮಾಡಿ, ಪಶು ವೈದ್ಯಕೀಯ ವಾಹನ ಬರುತ್ತದೆ.