ಹಳೆಯ ಚಿತ್ರಗಳ ಆಕಾಶದಲ್ಲಿ ಹಾರುವ ತಟ್ಟೆಗಳಿಲ್ಲ

ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನ ನಮ್ಮ ಕನ್ನಡ ಸ್ನೇಹಿತರಲ್ಲಿ ಕೆಲವರು ಈಚೆಗೆ ಒಂದು ವಾದವನ್ನು ಬಿಗಿಯಾಗಿ ಹಿಡಿದಿದ್ದಾರೆ. ಯುರೋಪಿನ ಹಳೆಯ ಚಿತ್ರಗಳಲ್ಲೂ ನಮ್ಮ ನಾಡಿನ ಶಿಲ್ಪಗಳಲ್ಲೂ ಬೇರೆ ಲೋಕದಿಂದ ಬಂದ ವಾಹನಗಳಿವೆ, ಕಲಾವಿದರು ಕಣ್ಣಾರೆ ಕಂಡದ್ದನ್ನೇ ದಾಖಲಿಸಿದ್ದಾರೆ ಎನ್ನುವುದು ಆ ವಾದ. ಯುಗಾದಿ ಊಟದ ಹೊತ್ತಿನಲ್ಲಿ ನಾನು ಇದನ್ನು ಒಪ್ಪಲಿಲ್ಲ. ಅವರು ಒಂದರ ಹಿಂದೊಂದು ಪುರಾವೆ ಮುಂದಿಟ್ಟರು. ಎಲ್ಲಕ್ಕೂ ಅಲ್ಲೇ ಉತ್ತರ ಹೇಳಲು ಆಗಲಿಲ್ಲ. ಅವರೆಲ್ಲ ಓದಿಕೊಂಡವರು, ಹಾರಿಕೆಯ ಉತ್ತರ ಕೊಟ್ಟು ಕಳಿಸುವಂಥವರಲ್ಲ. ಆದ್ದರಿಂದ ಇಲ್ಲಿ ವಿವರವಾಗಿ ಹೇಳುತ್ತೇನೆ.

ಅವರ ಮೊದಲ ಸಾಕ್ಷಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ದೇವದೂತ ಗೇಬ್ರಿಯಲ್ ಕನ್ಯೆ ಮೇರಿಗೆ ಶುಭವಾರ್ತೆ ತರುವ ಪ್ರಸಂಗವನ್ನು ಕಾರ್ಲೊ ಕ್ರಿವೆಲ್ಲಿ 1486ರಲ್ಲಿ ಬರೆದ ಚಿತ್ರ ಅದು. ಮೇಲೆ ಆಕಾಶದಲ್ಲಿ ದುಂಡನೆಯ ಹೊಳಪು, ಅಲ್ಲಿಂದ ಹೊರಟ ಚಿನ್ನದ ಗೆರೆ ಮೇರಿಯ ನೆತ್ತಿಯವರೆಗೆ. “ತಟ್ಟೆಯೂ ಇದೆ, ಕಿರಣವೂ ಇದೆ, ಇನ್ನೇನು ಬೇಕು?” ಎಂದರು ಮಿತ್ರರೊಬ್ಬರು. ಮೊಬೈಲ್ ಪರದೆಯಲ್ಲಿ ಹಾಗೆ ಕಾಣುತ್ತದೆ, ನಿಜ. ಮೂಲ ಚಿತ್ರ ಎರಡು ಮೀಟರಿಗಿಂತ ಎತ್ತರದ್ದು. ಅದರ ಮುಂದೆ ನಿಂತು ತಲೆಯೆತ್ತಿ ನೋಡಿ: ತಟ್ಟೆ ಎಂದದ್ದು ಮೋಡದ ಬಳೆ, ಅದರ ತುಂಬ ಒತ್ತೊತ್ತಾಗಿ ಪುಟ್ಟ ದೇವದೂತರು. ಗೆರೆಯ ಜಾಡು ಹಿಡಿದು ಕೆಳಗೆ ಬನ್ನಿ: ಗೋಡೆಯಲ್ಲಿ ಅದಕ್ಕೆಂದೇ ಬಿಟ್ಟ ಕಿಂಡಿಯೊಳಗೆ ಹಾದು ಹೋಗುತ್ತದೆ, ಮೇರಿಯ ತಲೆಯ ಮೇಲೆ ಅದೇ ಬೆಳಕಿನಲ್ಲಿ ಒಂದು ಪಾರಿವಾಳವಿದೆ. ಪಾರಿವಾಳ ಪವಿತ್ರಾತ್ಮದ ಗುರುತು ಎಂದು ಆ ಕಾಲದ ಮಕ್ಕಳಿಗೂ ಗೊತ್ತಿತ್ತು.

ಇನ್ನೂ ಒಂದು ಸಂಗತಿಯನ್ನು ನಮ್ಮವರು ಪೂರ್ತಿ ಬಿಟ್ಟುಬಿಡುತ್ತಾರೆ. ಚಿತ್ರದ ಕೆಳಗೆ ಚರ್ಚಿನ ಅಧೀನದಲ್ಲಿ ಸ್ವಾತಂತ್ರ್ಯ ಎಂಬ ಅರ್ಥದ ಲ್ಯಾಟಿನ್ ಬರಹವಿದೆ. ಅಸ್ಕೋಲಿ ಪಟ್ಟಣಕ್ಕೆ ಪೋಪ್ ನಾಲ್ಕನೆಯ ಸಿಕ್ಸ್ಟಸ್ 1482ರಲ್ಲಿ ತನ್ನ ಆಡಳಿತ ತಾನೇ ನೋಡಿಕೊಳ್ಳುವ ಹಕ್ಕು ಕೊಟ್ಟ. ಆ ಸುದ್ದಿ ಊರಿಗೆ ಮುಟ್ಟಿದ್ದು ಮಾರ್ಚ್ 25ರಂದು, ಮೇರಿಗೆ ವಾರ್ತೆ ಬಂದ ಹಬ್ಬದ ದಿನವೇ. ಆ ನೆನಪಿಗೆ ಬರೆಸಿದ ಚಿತ್ರವಿದು. ಗೇಬ್ರಿಯಲ್‌ನ ಪಕ್ಕದಲ್ಲಿ ಊರಿನ ಪೋಷಕ ಸಂತ ಎಮಿಡಿಯಸ್ ಅದೇ ಪಟ್ಟಣದ ಮಾದರಿಯನ್ನು ಕೈಯಲ್ಲಿ ಹಿಡಿದಿದ್ದಾನೆ. ಒಂದೊಂದು ಅಂಗುಲಕ್ಕೂ ಕಾರಣವಿರುವ ಚಿತ್ರದಲ್ಲಿ ಆಕಾಶದ ಒಂದು ಉಂಗುರ ಮಾತ್ರ ಕಾರಣವಿಲ್ಲದೆ ಬಂದು ಕೂತಿತು ಎಂದರೆ ಹೇಗೆ ನಂಬುವುದು?

ಎರಡನೆಯ ಸಾಕ್ಷಿ ಫ್ಲಾರೆನ್ಸಿನ ಪಲಾಟ್ಸೊ ವೆಕ್ಕಿಯೊದಲ್ಲಿರುವ ಮಡೋನಾ ಚಿತ್ರ. ಹಿಂದೆ ಬೆಟ್ಟದಂಚಿನಲ್ಲಿ ಒಬ್ಬ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಾನೆ, ಅವನ ನಾಯಿಯೂ ನೋಡುತ್ತಿದೆ. ಕ್ರಿಸ್ತ ಹುಟ್ಟಿದ ರಾತ್ರಿ ಕುರುಬರಿಗೆ ದೇವದೂತ ಕಾಣಿಸಿಕೊಂಡ ಕಥೆ ಲೂಕನ ಸುವಾರ್ತೆಯಲ್ಲಿದೆ. ಕಣ್ಣಿಗೆ ಕೈ ಮರೆಮಾಡಿದ ಕುರುಬ, ಬೆಳಗುವ ಮೋಡ, ಪಕ್ಕದಲ್ಲೊಂದು ನಾಯಿ: ಆ ಕಾಲದ ಚಿತ್ರಗಾರರಿಗೆ ಇದು ರೂಢಿಯ ಜೋಡಣೆ. ಹೆಚ್ಚು ಹೇಳುವ ಅಗತ್ಯವಿಲ್ಲ.

“ದೇಶ ಬೇರೆ, ಕಾಲ ಬೇರೆ, ಆದರೂ ಎಲ್ಲರೂ ಒಂದೇ ಆಕಾರ ಬರೆದಿದ್ದಾರಲ್ಲ?” ಎನ್ನುವುದು ಮುಂದಿನ ಪ್ರಶ್ನೆ. ಆ ಆಕಾರ ನಮ್ಮ ಕಣ್ಣಿಗೆ ಬಿದ್ದದ್ದು ಎಂದಿನಿಂದ ಎಂದು ಮೊದಲು ನೋಡಬೇಕು. 1947ರ ಜೂನ್ 24ರಂದು ಅಮೆರಿಕದ ಮೌಂಟ್ ರೇನಿಯರ್ ಹತ್ತಿರ ಕೆನೆತ್ ಆರ್ನಾಲ್ಡ್ ಎಂಬ ವಿಮಾನಚಾಲಕ ಒಂಬತ್ತು ವಸ್ತುಗಳನ್ನು ಕಂಡೆನೆಂದ. ನೀರಿನ ಮೇಲೆ ಎಸೆದ ತಟ್ಟೆ ಪುಟಿಯುವಂತೆ ಅವು ಚಲಿಸಿದವೆಂದು ವರ್ಣಿಸಿದ್ದನೆಂದು ಆಮೇಲೆ ವಿವರಿಸಿದ. ಪತ್ರಿಕೆಗಳು ಚಲನೆಯನ್ನು ಬಿಟ್ಟು ತಟ್ಟೆಯನ್ನು ಹಿಡಿದುಕೊಂಡವು. ಕಾಮಿಕ್ಸು, ಸಿನಿಮಾಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಆ ಅಚ್ಚನ್ನು ತಲೆಯಲ್ಲಿಟ್ಟುಕೊಂಡು ಸಾವಿರಾರು ಹಳೆಯ ಚಿತ್ರಗಳನ್ನು ಜಾಲಾಡಿದರೆ ದುಂಡನೆಯ ಮೋಡ, ಸೂರ್ಯ, ಚಂದ್ರ, ಪ್ರಭಾವಳಿ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಕೊಸೊವೊದ ದೆಚಾನಿ ಮಠದ ಗೋಡೆಯ ಮೇಲೆ, ಶಿಲುಬೆಯ ಎಡಬಲಕ್ಕೆ, ‘ವಾಹನದೊಳಗೆ ಕೂತ ಚಾಲಕರು’ ಎನ್ನುವವರು ಸೂರ್ಯ ಮತ್ತು ಚಂದ್ರ. ಶಿಲುಬೆಯ ಇಕ್ಕೆಲದಲ್ಲಿ ಅವರನ್ನು ಮಾನವರೂಪದಲ್ಲಿ ಬರೆಯುವುದು ಅದಕ್ಕೂ ಎಷ್ಟೋ ಹಿಂದಿನಿಂದ ನಡೆದು ಬಂದದ್ದು. ನಮ್ಮ ವೀರಗಲ್ಲು, ದಾನಶಾಸನಗಳ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ನೋಡಿ ಬೆಳೆದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದು ನನಗೆ ಬೇಸರದ ವಿಷಯ.

“ಕಾಣದ್ದನ್ನು ಕಲಾವಿದ ಆಕಾಶದಲ್ಲಿ ಯಾಕೆ ಬರೆಯುತ್ತಾನೆ?” ಎಂದೂ ಕೇಳಿದರು. ಇದಕ್ಕೆ ಉತ್ತರ ನಾನಿರುವ ಹಾರ್ಬೋರ್ನ್‌ನಲ್ಲೇ ಇದೆ. ಡೇವಿಡ್ ಕಾಕ್ಸ್ ಎಂಬ ಜಲವರ್ಣದ ದೊಡ್ಡ ಕಲಾವಿದ ಬರ್ಮಿಂಗ್‌ಹ್ಯಾಮಿನ ಡೆರಿಟೆಂಡ್‌ನಲ್ಲಿ 1783ರಲ್ಲಿ ಹುಟ್ಟಿದವನು. ಲಂಡನ್ನು ಬಿಟ್ಟು 1841ರಲ್ಲಿ ಹಾರ್ಬೋರ್ನ್‌ಗೆ ಬಂದು ನೆಲೆಸಿದ, 1859ರಲ್ಲಿ ಇಲ್ಲೇ ತೀರಿಕೊಂಡ. ಸೇಂಟ್ ಪೀಟರ್ಸ್ ಚರ್ಚಿನ ಆವರಣದಲ್ಲಿ ಅವನ ಸಮಾಧಿಯಿದೆ. ಗಾಳಿ, ಮಳೆ, ಓಡುವ ಮೋಡ ಅವನ ಕೈಯಲ್ಲಿ ಬಂದಂತೆ ಬೇರೆಯವರ ಕೈಯಲ್ಲಿ ಬರುವುದು ಅಪರೂಪ. ಅವನಿಗೆ ಬಹಳ ಹಿಡಿಸಿದ್ದು ಸ್ಕಾಟ್ಲೆಂಡಿನ ಒರಟು ಕಾಗದ, ಸಾಮಾನು ಸುತ್ತಲು ಬಳಸುವಂಥದ್ದು. ಅದರಲ್ಲಿ ನಾರಿನ ಕಪ್ಪು ಚುಕ್ಕೆಗಳು ಉಳಿದಿರುತ್ತಿದ್ದವು. ಆಕಾಶ ಬರೆಯುವ ಜಾಗದಲ್ಲೇ ಚುಕ್ಕೆ ಬಂದರೆ ಏನು ಮಾಡುತ್ತೀಯೆಂದು ಕೇಳಿದವರಿಗೆ, ಅದಕ್ಕೆ ರೆಕ್ಕೆ ಹಚ್ಚುತ್ತೇನೆ, ಹಕ್ಕಿಯಾಗಿ ಹಾರಿಹೋಗುತ್ತದೆ ಎಂದನಂತೆ. ಕಾಕ್ಸ್‌ನ ಆಕಾಶದ ಒಂದು ಹಕ್ಕಿ ಅವನು ಆ ದಿನ ಕಂಡ ಹಕ್ಕಿಯೇ ಆಗಿರಬೇಕಿಲ್ಲ. ಕಾಗದ ಹೆತ್ತ ಹಕ್ಕಿಯೂ ಇರಬಹುದು. ಚಿತ್ರದ ಆಕಾಶದಲ್ಲಿ ಒಂದು ಗುರುತು ಬರುವುದಕ್ಕೆ ಕಾಗದ, ಬಣ್ಣ, ಶಾಸ್ತ್ರ, ಬರೆಸಿದವರ ಹರಕೆ, ಖಾಲಿ ಜಾಗದ ತೊಂದರೆ ಎಲ್ಲವೂ ಕಾರಣವಾಗಬಹುದು. ಇವನ್ನೆಲ್ಲ ತಳ್ಳಿಹಾಕಿದ ಮೇಲಷ್ಟೇ ಅನ್ಯಗ್ರಹದ ಮಾತು.

ಇನ್ನು ನಮ್ಮ ನಾಡಿನ ಸಾಕ್ಷಿಗಳು. ಇಲ್ಲಿ ಮಿತ್ರರ ದನಿ ಏರುತ್ತದೆ, ಅಭಿಮಾನವೂ ಸೇರಿಕೊಳ್ಳುತ್ತದೆ. ವೀರಗಲ್ಲುಗಳ ನಡುವಿನ ಪಟ್ಟಿಕೆಯಲ್ಲಿ ವಿಮಾನವಿದೆಯಲ್ಲ ಎಂದರು. ಇದೆ. ಆದರೆ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ತುರುಗೋಳಿನಲ್ಲೋ ಕಾಳಗದಲ್ಲೋ ಒಬ್ಬ ಬಿಲ್ಲು ಕತ್ತಿ ಹಿಡಿದು ಕಾದುತ್ತಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ಕೂರಿಸಿಕೊಂಡು ಮೇಲೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಅವನು ಶಿವಲಿಂಗದೆದುರು ಕೂತಿದ್ದಾನೆ. ಎಷ್ಟೋ ಕಲ್ಲುಗಳಲ್ಲಿ ಪಟ್ಟಿಕೆಗಳ ನಡುವೆ ಅವನ ಹೆಸರೂ, ಯಾವ ಊರಿನ ದನಗಳಿಗಾಗಿ ಸತ್ತನೆಂಬುದೂ ಇದೆ. ಊರಿಗಾಗಿ ಸತ್ತ ಮಗನಿಗೆ ಸ್ವರ್ಗ ಸಿಕ್ಕಿತೆಂದು ಅವನ ಕಡೆಯವರು ನಂಬಿ ನಿಲ್ಲಿಸಿದ ಕಲ್ಲು ಅದು. ನಡುವಿನ ಒಂದು ಪಟ್ಟಿಕೆಯನ್ನಷ್ಟೇ ಕತ್ತರಿಸಿ ‘ಹಾರುವ ವಾಹನ’ ಎಂದು ತೋರಿಸಿದರೆ ಆ ಸಾವೂ ಮರೆಯಾಯಿತು, ಆ ನಂಬಿಕೆಯೂ ಮರೆಯಾಯಿತು.

‘ವೈಮಾನಿಕ ಶಾಸ್ತ್ರ’ದ ನಕ್ಷೆಗಳನ್ನಂತೂ ಪ್ರತಿಸಲವೂ ಹೊರತೆಗೆಯುತ್ತಾರೆ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳು. ಭರದ್ವಾಜ ಮಹರ್ಷಿಯ ಕಾಲದವು ಎಂಬ ಹೇಳಿಕೆ. ಆ ನಕ್ಷೆಗಳ ಹುಟ್ಟೂರು ನಮ್ಮ ಬೆಂಗಳೂರು, ವರ್ಷ 1923. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳುತ್ತಾ ಹೋದದ್ದನ್ನು ವೆಂಕಟಾಚಲ ಶರ್ಮರು ಬರೆದುಕೊಂಡರು. ನಕ್ಷೆಗಳನ್ನು ಬರೆದವರು ಎಂಜಿನಿಯರಿಂಗ್ ಕಾಲೇಜಿನ ಡ್ರಾಫ್ಟ್ಸ್‌ಮನ್ ಎಲ್ಲಪ್ಪನವರು. ಇಂಗ್ಲಿಷ್ ಅನುವಾದ ಸಮೇತ ಜಿ. ಆರ್. ಜೋಯಿಸರು ಅದನ್ನು ಮೈಸೂರಿನಿಂದ 1973ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಅದನ್ನು ಸಾಲುಸಾಲಾಗಿ ಪರೀಕ್ಷಿಸಿದರು. ಭಾಷೆ ವೇದಕಾಲದ್ದಲ್ಲ, ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಬಣ್ಣಿಸಿದ ಯಾವ ವಿಮಾನಕ್ಕೂ ಹಾರುವ ಗುಣಗಳಿಲ್ಲ ಎಂದು ತೀರ್ಮಾನಿಸಿದರು. ಹೊರಗಿನವರು ಬಂದು ನಮ್ಮನ್ನು ಹೀಗಳೆದರೆಂದು ಇಲ್ಲಿ ದೂರುವಂತಿಲ್ಲ. ಬರೆದವರೂ ನಮ್ಮವರು, ಪರೀಕ್ಷಿಸಿದವರೂ ನಮ್ಮವರು. ಹೀಗಿದ್ದೂ 2015ರಲ್ಲಿ ಮುಂಬಯಿಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಪ್ರಾಚೀನ ವಿಮಾನಗಳ ಕುರಿತ ಪ್ರಬಂಧ ಮಂಡನೆಯಾಯಿತು.

“ಇದರಿಂದ ಯಾರಿಗೇನು ನಷ್ಟ?” ಎನ್ನುವವರಿಗೆ ನೇರವಾಗಿ ಹೇಳುತ್ತೇನೆ: ನಷ್ಟ ಶಿಲ್ಪಿಗೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಕಲ್ಪಿಸುವ ಶಕ್ತಿ ಅವರಿಗಿರಲಿಲ್ಲ, ಆಕಾಶದಿಂದಿಳಿದವರನ್ನು ಕಂಡು ನಕಲು ಮಾಡಿದರು ಎನ್ನುವುದು ಅವರ ಉಳಿಯನ್ನು ಕಸಿದುಕೊಂಡಂತೆ. ನನಗೆ ಈ ವಾದದ ಮೇಲೆ ಸಿಟ್ಟು ಬರುವುದು ಇದಕ್ಕೇ.

ಅವರ ಸಾಕ್ಷಿಗಳಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಒಂದನ್ನೇ. 1561ರ ಏಪ್ರಿಲ್ 14ರ ಬೆಳಗ್ಗೆ ನ್ಯೂರೆಂಬರ್ಗಿನ ಜನ ಸೂರ್ಯನ ಸುತ್ತ ಗೋಲಗಳು, ಶಿಲುಬೆಗಳು, ಕೊಳವೆಗಳು ಹೊಡೆದಾಡಿದ್ದನ್ನು ಕಂಡರೆಂದು ಹಾನ್ಸ್ ಗ್ಲಾಸರ್ ಅಚ್ಚುಹಾಕಿದ ಹಾಳೆ. ಅದು ಪೂಜೆಯ ಚಿತ್ರವಲ್ಲ, ತಾರೀಖು ಹಾಕಿದ ಸುದ್ದಿ. ಅಂದು ಏನೋ ಕಂಡಿರಬಹುದು ಎಂದು ಒಪ್ಪುತ್ತೇನೆ. ಗಾಳಿಯಲ್ಲಿನ ಹಿಮದ ಹರಳುಗಳಿಂದ ಸೂರ್ಯನ ಅಕ್ಕಪಕ್ಕ ಹುಸಿಸೂರ್ಯರು, ಬಳೆಗಳು, ಅಡ್ಡಗೆರೆಗಳು ಮೂಡುವುದುಂಟು. ಅದೇ ಹಾಳೆಯ ಬರಹ ಕೊನೆಗೆ ಬರುವುದು ಪಾಪ ಬಿಟ್ಟು ದೇವರಿಗೆ ಶರಣಾಗಿ ಎಂಬ ಎಚ್ಚರಿಕೆಗೆ. ಆಕಾಶದ ಉತ್ಪಾತಗಳನ್ನು ಯುದ್ಧದಂತೆ ಓದಿ ಭಯಪಟ್ಟ ಕಾಲ ಅದು. ಜನ ಏನೋ ಕಂಡು ಹೆದರಿದರು ಎನ್ನುವುದಕ್ಕೆ ಆ ಹಾಳೆ ಸಾಕ್ಷಿ, ವಾಹನಕ್ಕೆ ಸಾಕ್ಷಿಯಲ್ಲ.

ಕೊನೆಗೆ, ನನ್ನದು ಮುಚ್ಚಿದ ಮನಸ್ಸು ಎಂಬ ಆರೋಪ. ಹಳೆಯ ಕಲೆ ಆಕಾಶದ ಸಾಕ್ಷಿ ಹೇಳಲಾರದು ಎಂದು ನಾನೆಲ್ಲೂ ಅಂದಿಲ್ಲ. ಬೇಯೊ ಕಸೂತಿಯಲ್ಲಿ ಬಾಲದ ನಕ್ಷತ್ರವೊಂದನ್ನು ಬೆರಳು ಮಾಡಿ ತೋರಿಸುವ ಗುಂಪಿದೆ. ಅದು 1066ರ ಹ್ಯಾಲಿ ಧೂಮಕೇತು. ಅದೇ ವರ್ಷ ಚೀನಾದಲ್ಲೂ ಬರೆದಿಟ್ಟರು, ಇವತ್ತಿನ ಲೆಕ್ಕವೂ ಅದೇ ವರ್ಷವನ್ನು ಹೇಳುತ್ತದೆ. ನಮ್ಮ ಶಾಸನಗಳಲ್ಲಿ ಸೂರ್ಯಗ್ರಹಣದ ಹೊತ್ತಿನಲ್ಲಿ ದಾನ ಕೊಟ್ಟೆವೆಂದು ಶಕವರ್ಷ, ಮಾಸ, ತಿಥಿ, ವಾರ ಸಮೇತ ಕೆತ್ತಿದ್ದಾರೆ. ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ತಂದ ಪಂಚಾಂಗದ ಕೋಷ್ಟಕಗಳಿಂದ ಇಂಥ ತಾರೀಖುಗಳನ್ನು ತಾಳೆ ನೋಡುವುದು ಸುಲಭವಾಯಿತು. ಕೆಲವು ತಾಮ್ರಪಟಗಳ ಬಗ್ಗೆ ಖೋಟಾ ಎಂಬ ಅನುಮಾನ ಹುಟ್ಟಿದ್ದಕ್ಕೆ ತಾರೀಖು ಹೊಂದದಿದ್ದದ್ದೂ ಒಂದು ಕಾರಣ. ಹಾರುವ ತಟ್ಟೆಯ ಪರವಾಗಿ ಇಂಥದ್ದೊಂದನ್ನು ತನ್ನಿ: ದಿನ ಗೊತ್ತಿರುವ, ಕಂಡದ್ದನ್ನು ದಾಖಲಿಸುತ್ತಿದ್ದೇನೆಂದು ಬರೆದವನೇ ಹೇಳಿರುವ, ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಬೇರೆಯಾಗಿ ಬರೆದಿಟ್ಟ ಮಾತಿಗೂ ಹೊಂದುವ ಒಂದು ಚಿತ್ರ. ಬಂದ ದಿನ ಅದನ್ನು ಒಟ್ಟಿಗೆ ಕೂತು ನೋಡೋಣ.