ಗಾಲೆಯಲ್ಲಿ ಸೋತವರು ವಾಂಖೆಡೆಯಲ್ಲಿ ಗೆದ್ದರು

2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ತಂಡ ಭಾರತಕ್ಕೆ ಬಂದು ಮೂರಕ್ಕೆ ಮೂರೂ ಟೆಸ್ಟ್ ಗೆದ್ದು ಹೋಯಿತು. ಆ ಸರಣಿಯ ಮಾತು ಬಂದಾಗಲೆಲ್ಲ ನಾವು ಮಾತಾಡುವುದು ನಮ್ಮವರ ಬಗ್ಗೆಯೇ. ಬೆಂಗಳೂರಿನಲ್ಲಿ ಮೋಡ ಕವಿದಿದ್ದರೂ ರೋಹಿತ್ ಬ್ಯಾಟಿಂಗ್ ಆಯ್ದುಕೊಂಡದ್ದೇಕೆ, ಪುಣೆಯಲ್ಲಿ ಫುಲ್‌ಟಾಸ್‌ಗೆ ಕೊಹ್ಲಿ ಬೌಲ್ಡ್ ಆದದ್ದು ಹೇಗೆ, ಅಂಥ ಪಿಚ್ ಬೇಕಿತ್ತೇ ಎಂದು ಕೇಳುತ್ತೇವೆ. ಗೆದ್ದವರು ಏನು ಮಾಡಿ ಗೆದ್ದರು ಎಂದು ಕೇಳುವವರು ಕಡಿಮೆ. ಇದು ಆ ತಂಡಕ್ಕೆ ನಾವು ಮಾಡುತ್ತಿರುವ ಅನ್ಯಾಯ. ವಿದೇಶಿ ತಂಡವೊಂದು ಭಾರತದಲ್ಲಿ ನಡೆಸಿದ ಪ್ರವಾಸಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಅವರು ಬಂದ ಸ್ಥಿತಿಯನ್ನು ನೋಡಿ. ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೊಯಿಡಾದಲ್ಲಿ ಅಫ್ಗಾನಿಸ್ತಾನದ ವಿರುದ್ಧ ಆಡಬೇಕಿದ್ದ ಟೆಸ್ಟ್ ಒಂದೇ ಒಂದು ಎಸೆತ ಕಾಣದೆ ಐದೂ ದಿನ ಕೊಚ್ಚಿಹೋಯಿತು. ಅಲ್ಲಿಂದ ಶ್ರೀಲಂಕಾಕ್ಕೆ ಹೋದರು. ಗಾಲೆಯಲ್ಲಿ ಎರಡೂ ಟೆಸ್ಟ್ ಸೋತರು. ಎರಡನೆಯದರಲ್ಲಿ ಸ್ಪಿನ್ ಎದುರಿಸಲಾಗದೆ 88ಕ್ಕೆ ಆಲೌಟ್. ಸೋತದ್ದು ಇನಿಂಗ್ಸ್ ಮತ್ತು 154 ರನ್‌ಗಳಿಂದ. ಟಿಮ್ ಸೌಥಿ ನಾಯಕತ್ವ ಬಿಟ್ಟರು, ಟಾಮ್ ಲೇಥಮ್ ಹೆಗಲಿಗೆ ಭಾರ ಬಿತ್ತು. ಗಾಯಗೊಂಡಿದ್ದ ಕೇನ್ ವಿಲಿಯಮ್ಸನ್ ಭಾರತದಲ್ಲಿ ಒಂದು ಟೆಸ್ಟನ್ನೂ ಆಡಲಿಲ್ಲ. 1955ರಿಂದ ಇಲ್ಲಿಗೆ ಬರುತ್ತಿದ್ದರೂ ಆ ದೇಶ ಅಲ್ಲಿಯವರೆಗೆ ಗೆದ್ದದ್ದು ಎರಡೇ ಟೆಸ್ಟ್: 1969ರಲ್ಲಿ ನಾಗಪುರ, 1988ರಲ್ಲಿ ಮುಂಬೈ.

ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಭಾರತ 46ಕ್ಕೆ ಉರುಳಿತು. ಮ್ಯಾಟ್ ಹೆನ್ರಿ 15 ರನ್‌ಗೆ ಐದು ವಿಕೆಟ್ ಕಿತ್ತರು. ಅದು ಹವಾಮಾನದ ಕೃಪೆ ಎಂದವರುಂಟು. ಆದರೆ ರಚಿನ್ ರವೀಂದ್ರ ಹೊಡೆದ 134 ಹವಾಮಾನದ್ದಲ್ಲ. ಬೆಂಗಳೂರು ಮೂಲದ ದಂಪತಿಯ ಮಗನಾದ ಈತ ಸರಣಿಗೆ ಮುನ್ನ ಚೆನ್ನೈಗೆ ಬಂದು ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಬಗೆಯ ಪಿಚ್‌ಗಳ ಮೇಲೆ ಅಭ್ಯಾಸ ಮಾಡಿದ್ದ. ಎಂಟನೇ ವಿಕೆಟ್‌ಗೆ ಈತನ ಜೊತೆ ನಿಂತು 137 ರನ್ ಸೇರಿಸಿದವರು ನಾಯಕತ್ವ ತೊರೆದಿದ್ದ ಅದೇ ಸೌಥಿ. ರಚಿನ್ ಶತಕಕ್ಕೆ ಬೆಂಗಳೂರಿನ ಪ್ರೇಕ್ಷಕರು ಮನಸಾರೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಬಗ್ಗೆ ನನಗೆ ಹೆಮ್ಮೆಯಿದೆ.

ನಿಜವಾದ ಪರೀಕ್ಷೆ ಪುಣೆ. ಚೆಂಡು ತಿರುಗುವ, ನಿಧಾನಗತಿಯ ಪಿಚ್. ಎದುರಾಳಿಯನ್ನು ಕೆಡವಲು ನಮಗೆ ಒಗ್ಗಿದ ನೆಲ. ವಾಷಿಂಗ್ಟನ್ ಸುಂದರ್ ಏಳು ವಿಕೆಟ್ ಪಡೆದರೂ ನ್ಯೂಜಿಲೆಂಡ್ 259 ಗಳಿಸಿತು. ಆಮೇಲೆ ಮಿಚೆಲ್ ಸ್ಯಾಂಟ್ನರ್ ಚೆಂಡು ಹಿಡಿದರು. ಟೆಸ್ಟ್ ಇನಿಂಗ್ಸ್‌ನಲ್ಲಿ ಅದುವರೆಗೆ ಒಮ್ಮೆಯೂ ಐದು ವಿಕೆಟ್ ಪಡೆಯದ ಎಡಗೈ ಸ್ಪಿನ್ನರ್. ಪಿಚ್ ತಿರುಗಿಸಿಕೊಡುತ್ತದೆಂದು ಸುಮ್ಮನೆ ಎಸೆಯುತ್ತ ಹೋಗದೆ, ಪ್ರತಿ ಎಸೆತಕ್ಕೂ ವೇಗ ಬದಲಿಸಿದರು. ಒಂದು ಚೆಂಡು ಬ್ಯಾಟರ್ ಮುಂದಡಿ ಇಡುವ ಮೊದಲೇ ಬಂದರೆ, ಮರುಚೆಂಡು ಗಾಳಿಯಲ್ಲೇ ತಡೆಯುತ್ತಿತ್ತು. ಮೊದಲ ಇನಿಂಗ್ಸ್‌ನಲ್ಲಿ ಏಳು, ಎರಡನೆಯದರಲ್ಲಿ ಆರು. ಬ್ಯಾಟಿಂಗ್‌ನಲ್ಲಿ ಲೇಥಮ್ ಹೆದರಿ ಕೂರದೆ ಸ್ವೀಪ್ ಹೊಡೆಯುತ್ತ 86 ಗಳಿಸಿದರು. 88ಕ್ಕೆ ಉದುರಿದ್ದ ತಂಡ ಒಂದೇ ತಿಂಗಳಲ್ಲಿ ಸ್ಪಿನ್ ಆಡುವುದನ್ನು ಕಲಿತಿತ್ತು. ತವರಿನಲ್ಲಿ ಸತತ 18 ಸರಣಿ ಗೆದ್ದಿದ್ದ ಭಾರತದ ಓಟ 113 ರನ್ ಅಂತರದಿಂದ ಅಲ್ಲಿಗೆ ನಿಂತಿತು.

ಮುಂಬೈಯಲ್ಲಿ ಸ್ಯಾಂಟ್ನರ್ ಗಾಯಗೊಂಡು ಹೊರಗಿದ್ದರು. ಭಾರತಕ್ಕೆ ಬೇಕಿದ್ದುದು 147. ಮುಂಬೈಯಲ್ಲೇ ಹುಟ್ಟಿದ ಏಜಾಜ್ ಪಟೇಲ್ ಆ ಪಂದ್ಯದಲ್ಲಿ 11 ವಿಕೆಟ್ ಪಡೆದು 25 ರನ್‌ಗಳಿಂದ ಗೆಲ್ಲಿಸಿದರು. 2021ರಲ್ಲಿ ಇದೇ ವಾಂಖೆಡೆಯಲ್ಲಿ ಒಂದು ಇನಿಂಗ್ಸ್‌ನ ಹತ್ತೂ ವಿಕೆಟ್ ಕಿತ್ತಿದ್ದರೂ ಅವರ ತಂಡ ಸೋತಿತ್ತು.

ಸೋಲಿನ ಬೆನ್ನಿಗೇ ಬಂದ ಇಂಥ ಗೆಲುವು ನಮಗೂ ಗೊತ್ತಿರುವುದೇ. 1967-68ರಲ್ಲಿ ಪಟೌಡಿಯ ತಂಡ ಆಸ್ಟ್ರೇಲಿಯಾದಲ್ಲಿ ನಾಲ್ಕಕ್ಕೆ ನಾಲ್ಕೂ ಟೆಸ್ಟ್ ಸೋತು ನ್ಯೂಜಿಲೆಂಡಿಗೆ ಹೋಯಿತು. ಎಂಜಿನಿಯರಿಂಗ್ ಓದಿಗಾಗಿ ವರ್ಷಗಳ ಕಾಲ ಟೆಸ್ಟ್‌ನಿಂದ ದೂರವಿದ್ದು ಮರಳಿದ್ದ ನಮ್ಮ ಎರಪಳ್ಳಿ ಪ್ರಸನ್ನ ಆಸ್ಟ್ರೇಲಿಯಾದ ಆ ಸೋಲುಗಳಲ್ಲೇ 25 ವಿಕೆಟ್ ಪಡೆದಿದ್ದರು. ನ್ಯೂಜಿಲೆಂಡಿನಲ್ಲಿ ಮತ್ತೆ 24. ಸರಣಿ 3-1ರಿಂದ ಭಾರತದ್ದಾಯಿತು. ವಿದೇಶದಲ್ಲಿ ನಾವು ಗೆದ್ದ ಮೊದಲ ಸರಣಿ ಅದು. ಕಳೆದುಕೊಂಡ ಟೆಸ್ಟ್‌ಗಳನ್ನೇ ಅಭ್ಯಾಸವಾಗಿಸಿಕೊಂಡವರು ಆಗ ನಾವು, 2024ರಲ್ಲಿ ಅವರು.

ನಮ್ಮವರು ಆ ಅಭ್ಯಾಸವನ್ನು ಎಲ್ಲಿ ಪಡೆಯಬೇಕು? ದೇಶಿ ಕ್ರಿಕೆಟ್‌ನಲ್ಲೇ. ಬೆಂಗಳೂರು ಟೆಸ್ಟ್ ನಡೆಯುತ್ತಿದ್ದಾಗ ವಾಷಿಂಗ್ಟನ್ ಸುಂದರ್ ದೆಹಲಿಯಲ್ಲಿ ತಮಿಳುನಾಡಿನ ಪರ ರಣಜಿ ಆಡಿ 152 ಗಳಿಸಿದ್ದರು. ಅಲ್ಲಿಂದ ನೇರ ಪುಣೆಗೆ ಕರೆ ಬಂತು, ಪಂದ್ಯದಲ್ಲಿ 11 ವಿಕೆಟ್ ಪಡೆದರು. ಸೆಪ್ಟೆಂಬರ್‌ನ ದುಲೀಪ್ ಟ್ರೋಫಿಯಲ್ಲಿ ರೋಹಿತ್, ಕೊಹ್ಲಿ ಇಬ್ಬರೂ ಇರಲಿಲ್ಲ. ಕೊಹ್ಲಿ ರಣಜಿಗೆ ಮರಳಿದ್ದು 2025ರ ಜನವರಿ ಕೊನೆಯಲ್ಲಿ, 2012ರ ನಂತರ ಮೊದಲ ಬಾರಿಗೆ. ಹೊತ್ತು ಮೀರಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಬಂದು 2-0ಯಿಂದ ಸರಣಿ ಗೆದ್ದಿತು. ಕೋಲ್ಕತ್ತದಲ್ಲಿ 124ರ ಗುರಿ ಬೆನ್ನಟ್ಟಿದ ಭಾರತ 93ಕ್ಕೆ ಆಲೌಟ್. ತವರಿನ ಪ್ರತಿ ಟೆಸ್ಟ್ ಸರಣಿಗೆ ಮುನ್ನ ಆಯ್ಕೆಯಾದ ಪ್ರತಿ ಬ್ಯಾಟರ್, ಹೆಸರು ಎಷ್ಟೇ ದೊಡ್ಡದಿರಲಿ, ಚೆಂಡು ತಿರುಗುವ ಪಿಚ್‌ನಲ್ಲಿ ಕನಿಷ್ಠ ಒಂದು ನಾಲ್ಕು ದಿನಗಳ ಪಂದ್ಯವನ್ನಾದರೂ ಆಡಲೇಬೇಕೆಂದು ಕ್ರಿಕೆಟ್ ಮಂಡಳಿ ನಿಯಮ ಮಾಡಬೇಕು.